ಸೆಂಗಾಳ ಬೆಚ್ಚನೆಯ ಪಾದಗಳು

ಎಂಪಿಗಿ ಪೇಟೆ ದಾಟುವ ತನಕ ನಾಲೊಂಗೊ ರಸ್ತೆಯನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಸ್ಟೀರಿಂಗಿನ ಹಿಂದಿನ ಸಣ್ಣ ಮುಳ್ಳನ್ನೇ ನೋಡುತ್ತಿದ್ದಳು. ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ಹೇಳುವ ಮುಳ್ಳು ಅದು. ಪೆಟ್ಟು ತಿಂದ ಮಗುವಿನ ಹಾಗೆ ತೆಪ್ಪಗೆ ನಡುವಿನಲ್ಲಿ ಕೂತಿತ್ತು. ತೆಪ್ಪಗೆ ಕೂತ ಮಗುವನ್ನು ನಂಬಬಾರದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಅವಳಿ ಗಂಡುಮಕ್ಕಳನ್ನು ಹೆತ್ತವಳು. ಆ ಕಾರಣಕ್ಕೇ ಊರವರೆಲ್ಲ ಅವಳ ನಬತಾಂಜಿ ಎಂಬ ಹೆಸರನ್ನು ಮೂಲೆಗೆ ಹಾಕಿ, ಅವಳಿಗಳ ತಾಯಿ ಎಂಬರ್ಥದ ನಾಲೊಂಗೊ ಎಂದೇ ಕರೆಯುತ್ತಿದ್ದರು.

ಅಂದು ಅವಳ ತಮ್ಮ ಕಿಟ್ಯೊನ ಕ್ವಾಂಜುಲಾ. ಹುಡುಗಿಯ ಮನೆಗೆ ಬುಟ್ಟಿಗಟ್ಟಲೆ ಕಾಣಿಕೆ ಹೊತ್ತು ಹೋಗಿ, ಹಿರಿಯರ ಮುಂದೆ ಹುಡುಗನನ್ನು ಕೂರಿಸಿ, ಇವನು ನಮ್ಮವನು, ಇನ್ನು ಮೇಲೆ ನಿಮ್ಮವನು ಎಂದು ಹೇಳಿ ಬರುವ ದಿನ. ಹುಡುಗಿಯ ಊರು ಮಸಾಕಾದ ಆಚೆಗಿನ ಗುಡ್ಡದ ಮೇಲೆ. ಅಲ್ಲಿ ಎಲ್ಲರಿಗಿಂತ ದೊಡ್ಡವಳು ಹುಡುಗಿಯ ಜಾಜಾ, ಅಂದರೆ ಅಜ್ಜಿ. ಆಕೆ ಮುಂಚೆಯೇ ಹೇಳಿ ಕಳಿಸಿದ್ದಳು: ಹೊತ್ತು ನೆತ್ತಿಗೆ ಬರುವುದರೊಳಗೆ ಗೇಟಿನೊಳಗೆ ಇರಬೇಕು, ಆಮೇಲೆ ಬಂದವರು ಬೀಗ ನೋಡಿಕೊಂಡು ಹೋಗಬೇಕು. ಬಾಯಿಮಾತಿಗೆ ಹೇಳಿದ್ದಲ್ಲ. ದೊಡ್ಡ ಮೊಮ್ಮಗಳನ್ನು ಕೇಳಿಕೊಂಡು ತಡವಾಗಿ ಬಂದ ದಿಬ್ಬಣವನ್ನು ಆಕೆ ಬುಟ್ಟಿ ಸಮೇತ ವಾಪಸ್ಸು ಕಳಿಸಿದ್ದಳು. ಆ ಗಂಡು ಮತ್ತೆ ಬರಬೇಕಾದರೆ ಎರಡು ಮಳೆಗಾಲ ಕಳೆದಿತ್ತು.

"ಬಾಡಿಗೆಗೆ ಒಂದು ಹೊಳೆಯೋ ಕಾರು ತರೋಣ ಕಣೆ," ಎಂದಿದ್ದ ನಾಲೊಂಗೊಳ ಗಂಡ.

"ನನ್ನ ತಮ್ಮ ಸ್ಕೂಲಿಗೆ ಹೋಗಿದ್ದು ನನ್ನ ಬೆನ್ನ ಮೇಲೆ. ಹೆಣ್ಣಿನ ಮನೆಗೆ ಹೋಗೋದೂ ನನ್ನ ಕಾರಲ್ಲೇ," ಎಂದು ಅವಳು ಅಲ್ಲಿಗೇ ಮಾತು ಮುಗಿಸಿದ್ದಳು. ಗಂಡ, ಮಕ್ಕಳು, ಉಳಿದ ನೆಂಟರು ಬಾಡಿಗೆಯ ವ್ಯಾನಿನಲ್ಲಿ ಬೆಳಗ್ಗೆಯೇ ಮುಂದೆ ಹೋಗಿದ್ದರು. ಮದುಮಗ, ಕಾಣಿಕೆ, ಸೋದರತ್ತೆ ಮತ್ತು ಮಾತುಗಾರ, ಅಂದರೆ ಯಾವುದು ಇಲ್ಲದಿದ್ದರೆ ಶಾಸ್ತ್ರವೇ ನಡೆಯುವುದಿಲ್ಲವೋ ಅದೆಲ್ಲ ಇವಳ ಹಳೇ ಜಪಾನಿ ಕಾರಿನಲ್ಲಿತ್ತು.

ಆ ಕಾರಿಗೋ, ಒಂದು ತಿಂಗಳಿಂದ ದಾಹ ಹಿಡಿದಿತ್ತು. ಎಷ್ಟು ನೀರು ಹೊಯ್ದರೂ ರೇಡಿಯೇಟರ್ ಮತ್ತೆ ಬತ್ತುತ್ತಿತ್ತು. ಆದರೆ ಕೆಳಗೆ ನೆಲ ಒಣಗಿಯೇ ಇರುತ್ತಿತ್ತು, ಒಂದು ಹನಿ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಕಂಪಾಲಾದ ಮೆಕ್ಯಾನಿಕ್ ತಲೆಯಾಡಿಸಿ, "ನೆಲಕ್ಕೆ ಬೀಳ್ತಿಲ್ಲ ಅಂದ್ರೆ ಎಂಜಿನ್ನೇ ಕುಡೀತಿದೆ ಅಂತ. ಗ್ಯಾಸ್ಕೆಟ್ ಹೋಗಿದೆ ನ್ಯಾಬೊ, ಎಂಜಿನ್ ಇಳಿಸಬೇಕು," ಎಂದು ಅಮ್ಮಾವ್ರೇ ಎಂಬರ್ಥದ ನ್ಯಾಬೊ ಸೇರಿಸಿಯೇ ಹೇಳಿದ್ದ. ಕ್ವಾಂಜುಲಾ ಮುಗಿಯಲಿ, ಆಮೇಲೆ ಇಳಿಸು ಎಂದು ಅವಳು ಕಾರು ವಾಪಸ್ಸು ತಂದಿದ್ದಳು. ಬಣ್ಣಬಣ್ಣದ ಕೂಲೆಂಟ್ ಎಲ್ಲ ಅವಳ ಬೀದಿಯ ಕಾರುಗಳು ಕಂಡದ್ದಲ್ಲ. ಅವಕ್ಕೆ ನಲ್ಲಿ ನೀರೇ ಗತಿ. ಸೀಟಿನ ಹಿಂದೆ ಒಂದು ಹಳದಿ ಕ್ಯಾನು ಯಾವಾಗಲೂ ಇರುತ್ತಿತ್ತು.

"ನಾಲೊಂಗೊ, ನನ್ನ ಕಾಲು ಬೆಚ್ಚಗಾಗ್ತಿದೆ," ಎಂದಳು ಪಕ್ಕದ ಸೀಟಿನಿಂದ ಸೆಂಗಾ.

ಸೆಂಗಾ ಎಂದರೆ ತಂದೆಯ ಅಕ್ಕ. ನೆಲ ಮುಟ್ಟುವ ಕಿತ್ತಳೆ ಬಣ್ಣದ ಗೊಮೆಸಿ ಉಟ್ಟು, ಸೊಂಟಕ್ಕೆ ಅಗಲ ಪಟ್ಟಿ ಬಿಗಿದು, ಪಾದಗಳ ನಡುವೆ ಬಾಳೆಹಣ್ಣಿನ ಹೆಂಡ ತುಂಬಿದ ದೊಡ್ಡ ಸೋರೆಬುರುಡೆ ಇಟ್ಟುಕೊಂಡು ರಾಣಿಯ ಹಾಗೆ ಕೂತಿದ್ದಳು. ಟೊಂಟೊ ಎಂಬ ಆ ಹೆಂಡವನ್ನು ಅವಳೇ ಮುಂದೆ ನಿಂತು ಹಿಂಡಿಸಿ, ಅವಳೇ ಸೋಸಿ ಹುಳಿ ಬರಿಸಿದ್ದಳು. ಡಿಕ್ಕಿಯಲ್ಲಿಡಲು ಜಪ್ಪಯ್ಯ ಎಂದರೂ ಒಪ್ಪಿರಲಿಲ್ಲ.

"ವಯಸ್ಸಾದ್ಮೇಲೆ ಕಾಲು ತಣ್ಣಗಾಗುತ್ತೆ ಅಂತಾರೆ. ನಿನಗೆ ಉಲ್ಟಾ. ಇನ್ನೂ ಹರೆಯ ಅಂತ ಕಾಣುತ್ತೆ," ಎಂದ ಹಿಂದಿನ ಸೀಟಿನಿಂದ ಕಿಟ್ಯೊ. ಬಿಳಿ ಕಾಂಜು ಅಂಗಿ ಮುದುರೀತೆಂದು ಅವನು ಹೊರಟಾಗಿನಿಂದ ಬೆನ್ನು ಒರಗಿಸಿರಲಿಲ್ಲ.

"ಮುಚ್ಕೊಂಡು ಕೂತ್ಕೊಳೋ. ನಾನು ಬಾಯಿ ಬಿಟ್ರೆ ಅಲ್ಲಿ ನಿನಗೆ ಹೆಣ್ಣೂ ಇಲ್ಲ, ಊಟಾನೂ ಇಲ್ಲ."

ಸೆಂಗಾ ಹೊರಟಾಗಿನಿಂದ ದೂರುತ್ತಲೇ ಇದ್ದಳು. ಮೊದಲು ಸೀಟು ಗಟ್ಟಿ, ಆಮೇಲೆ ಗಾಳಿ ಜಾಸ್ತಿ, ಆಮೇಲೆ ಹಿಂದಿನ ಸೀಟಿನಲ್ಲಿದ್ದ ಕಾಣಿಕೆಯ ಹುಂಜ ತನ್ನನ್ನೇ ದುರುಗುಟ್ಟಿ ನೋಡುತ್ತಿದೆ. ಹಾಗಾಗಿ ಕಾಲಿನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಈಗ ಒದ್ದೆಯೂ ಆಯ್ತು," ಎಂದಳು.

ಕಿಟ್ಯೊನ ಪಕ್ಕ ಕೂತಿದ್ದ ಸೆಬಗ್ಗಾಲ ಮುಂದಕ್ಕೆ ಬಗ್ಗಿ ನೋಡಿದ. ಅವನು ಹುಡುಗನ ಕಡೆಯ ಮಾತುಗಾರ. ಕ್ವಾಂಜುಲಾದಲ್ಲಿ ಮದುಮಗ ತುಟಿ ಬಿಚ್ಚುವ ಹಾಗಿಲ್ಲ, ಎಲ್ಲವನ್ನೂ ಇವನೇ ಆಡಬೇಕು. ಬೆಳಗಿನಿಂದ ಬಾಯಲ್ಲೇ ಭಾಷಣ ಉರು ಹೊಡೆಯುತ್ತಿದ್ದವನು ಕಾರ್ಪೆಟ್ಟಿನ ಮೇಲೆ ನೀರು ಪಸೆಯಾಡುವುದನ್ನು ಕಂಡು ಗಂಟಲು ಸರಿ ಮಾಡಿಕೊಂಡ.

"ಸೆಂಗಾ, ತಪ್ಪು ತಿಳ್ಕೋಬೇಡಿ. ನಿಮ್ಮ ಬುರುಡೆ ಸೋರ್ತಿದೆ."

"ನನ್ನ ಬುರುಡೆ?" ಸೆಂಗಾಳ ದನಿ ಏರಿತು. "ನಮ್ಮಮ್ಮನ ಕಾಲದ ಬುರುಡೆ ಇದು! ಇದು ಸೋರೋದಕ್ಕಿಂತ ಮುಂಚೆ ನಿನ್ನ ಬಾಯಿ ಸೋರುತ್ತೆ."

"ಅಲ್ಲಿ ಹೋಗಿ ಕಾಣಿಕೆ ಅಂತ ಖಾಲಿ ಬುರುಡೆ ಇಟ್ರೆ ನಾನೇನು ಮಾತಾಡ್ಲಿ? ಗಾಳಿ ತಂದಿದ್ದೀವಿ, ಕುಡೀರಿ ಅನ್ಲಾ?"

ಕಿಟ್ಯೊ ಕಾಂಜು ಮರೆತು ನಕ್ಕ. ನಾಲೊಂಗೊಗೂ ನಗು ಬಂತು. ಆದರೆ ನಕ್ಕು ಮುಗಿಸುವಷ್ಟರಲ್ಲಿ ಮುಳ್ಳು ನಡುವಿನಿಂದ ಎದ್ದಿತ್ತು.

ಕಯಬ್ವೆಯಲ್ಲಿ, ಸಮಭಾಜಕ ರೇಖೆಯ ಗುರುತಿಗೆ ನಿಲ್ಲಿಸಿದ ದೊಡ್ಡ ಬಿಳಿ ಬಳೆಯ ಕೆಳಗೆ ಪರದೇಶಿಗಳು ಫೋಟೊ ತೆಗೆಸಿಕೊಳ್ಳುವ ಕಡೆ ಅವಳು ಕಾರು ಪಕ್ಕಕ್ಕೆ ಹಾಕಿದಳು. ಸ್ವಲ್ಪ ಆರಲು ಬಿಟ್ಟು, ಹಸಿ ಬಟ್ಟೆ ಹಿಡಿದು ಮುಚ್ಚಳ ತೆಗೆದು, ಅರ್ಧ ಕ್ಯಾನು ನೀರು ಹೊಯ್ದಳು. ಬಗ್ಗಿ ಕಾರಿನಡಿ ನೋಡಿದಳು. ಎಂದಿನಂತೆ ಒಣ ನೆಲ. ಮತ್ತೆ ಹೊರಟರು. ರಸ್ತೆಯ ಎರಡೂ ಬದಿ ಜೌಗಿನ ಆಪಿನ ಹುಲ್ಲು ಶುರುವಾಗುವ ಹೊತ್ತಿಗೆ ಮುಳ್ಳು ಮತ್ತೆ ಮೇಲೆ ನೋಡತೊಡಗಿತು. ಲುಕಾಯಾ ಪೇಟೆ ಕಣ್ಣಿಗೆ ಬೀಳುವಾಗ ಕೆಂಪು ಗೆರೆ ಮುಟ್ಟಿತ್ತು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು.

"ಅಕ್ಕಾ, ಹೊಗೆ!" ಎಂದ ಕಿಟ್ಯೊ.

"ಹೊಗೆಯಲ್ಲ, ಹಬೆ. ಹೊಗೆ ಬಂದ್ರೆ ನಾನೇ ಹೇಳ್ತೀನಿ, ಆಗ ಓಡು."

ಲುಕಾಯಾದಲ್ಲಿ ಕಾರು ನಿಂತರೆ ಸಾಕು, ಸುಟ್ಟ ಕೋಳಿ, ಹುರಿದ ಮಾಂಸದ ಕಡ್ಡಿ, ಕೆಂಡದ ಮೇಲೆ ಸುಟ್ಟ ಗೊಂಜಾ ಬಾಳೆ ಹಿಡಿದ ಕೈಗಳು ಎಲ್ಲ ಕಿಟಕಿಗಳಿಂದ ಒಳಗೆ ನುಗ್ಗುತ್ತವೆ. ಅವರನ್ನೆಲ್ಲ ಸರಿಸಿಕೊಂಡು ಬಂದವನು ಬುಕೆನ್ಯಾ, ಪೇಟೆಯ ಮೆಕ್ಯಾನಿಕ್. ಎಣ್ಣೆ ಕುಡಿದು ಕಪ್ಪಾದ ನಿಲುವಂಗಿ, ಕಿವಿಯ ಮೇಲೆ ಸಿಕ್ಕಿಸಿದ ಸ್ಕ್ರೂ ಡ್ರೈವರ್, ಮುಖದ ತುಂಬ ನಗು. ಹಬೆಯನ್ನು ಕಂಡೊಡನೆ, "ರೇಡಿಯೇಟರ್!" ಎಂದು ಸಾರಿದ. "ನೋಡೋದೇ ಬೇಡ ನ್ಯಾಬೊ, ವಾಸನೆಯಲ್ಲೇ ಗೊತ್ತಾಗುತ್ತೆ. ಒಂದು ಹಸಿ ಮೊಟ್ಟೆ ಒಡೆದು ಒಳಗೆ ಬಿಟ್ರೆ ಬೆಂದು ತೂತಿಗೆ ಕೂತ್ಕೊಳ್ಳುತ್ತೆ. ನಿಮ್ಮ ಹತ್ರ ಕೋಳಿ ಬೇರೆ ಇದೆ."

"ಅದು ಹುಂಜ ಕಣಪ್ಪಾ," ಎಂದಳು ಸೆಂಗಾ. "ಅದು ಮೊಟ್ಟೆ ಇಡೋತನಕ ಕಾದ್ರೆ ಈ ಮದುಮಗನಿಗೆ ಹಲ್ಲು ಉದುರುತ್ತೆ."

"ಮೊಟ್ಟೆ ಗಿಟ್ಟೆ ಬೇಡ. ಮೊದಲು ತೂತು ಎಲ್ಲಿದೆ ತೋರಿಸು," ಎಂದಳು ನಾಲೊಂಗೊ.

ಎಂಜಿನ್ ಆರುವ ತನಕ ಕಾಯಬೇಕಾಯಿತು. ಕಿಟ್ಯೊ ಅಂಗಿಯ ಮೇಲೆ ಬೀಳದ ಹಾಗೆ ಕತ್ತು ಚಾಚಿ ಕೊಕ್ಕರೆಯಂತೆ ಗೊಂಜಾ ತಿಂದ. ಆಮೇಲೆ ಬುಕೆನ್ಯಾ ನೀರು ತುಂಬಿ, ಎಂಜಿನ್ ಶುರು ಮಾಡಿಸಿ, ಗೋಣಿ ಹಾಸಿಕೊಂಡು ಕಾರಿನಡಿ ನುಸುಳಿದ. ರೇಡಿಯೇಟರಿನ ಒಂದೊಂದು ಮೂಲೆ ಸವರಿದ. ದಪ್ಪ ರಬ್ಬರ್ ಪೈಪುಗಳನ್ನು ಹಿಸುಕಿದ. ಹೊರಗೆ ಬಂದಾಗ ಅವನ ನಗು ಅರ್ಧಕ್ಕೆ ಇಳಿದಿತ್ತು.

"ಎಲ್ಲಾ ಒಣಗಿದೆ. ರೇಡಿಯೇಟರ್ ಅಲ್ಲ. ಹಂಗಾದ್ರೆ ಗ್ಯಾಸ್ಕೆಟ್. ನೀರನ್ನ ಎಂಜಿನ್ನೇ ಕುಡೀತಿದೆ."

ಕಂಪಾಲಾದವನೂ ಇದನ್ನೇ ಹೇಳಿದ್ದ. ಎಂಜಿನ್ ಇಳಿಸುವುದೆಂದರೆ ಇವತ್ತಂತೂ ಅಲ್ಲ, ನಾಳೆಯೂ ಅಲ್ಲ. ಅಷ್ಟರಲ್ಲಿ ಸೆಬಗ್ಗಾಲನ ಫೋನು ಬಡಿದುಕೊಂಡಿತು. ಹೆಣ್ಣಿನ ಕಡೆಯ ಮಾತುಗಾರ ಕಲುಲೆ. ಸ್ಪೀಕರ್ ಹಾಕದಿದ್ದರೂ ಅವನ ದನಿ ರಸ್ತೆಯ ಆಚೆಗೂ ಕೇಳಿಸುತ್ತಿತ್ತು.

"ಏನಪ್ಪಾ ಸೆಬಗ್ಗಾಲ, ಮದುಮಗ ಓಡಿಹೋದನಾ?"

"ಓಡೋಕೆ? ಅವನಿಗೆ ಅವಸರ ತಡೆಯೋಕಾಗ್ತಿಲ್ಲ. ದಾರಿಯಲ್ಲಿದ್ದೀವಿ ಸೆಬೊ, ದಾರಿಯಲ್ಲಿದ್ದೀವಿ ಸ್ವಾಮಿ."

"ನೀವು ಹೋದ ವರ್ಷದಿಂದ ದಾರಿಯಲ್ಲೇ ಇದ್ದೀರಿ. ನಮ್ಮ ಜಾಜಾ ಅಂಗಳದಲ್ಲಿ ಕೋಲು ನೆಟ್ಟಿದ್ದಾಳೆ. ಅದರ ನೆರಳು ಕೋಲಿನ ಬುಡಕ್ಕೆ ಬಂದ ತಕ್ಷಣ ಗೇಟು ಹಾಕಿಸ್ತಾಳಂತೆ. ನೆರಳು ಈಗಾಗಲೇ ಮೊಳದುದ್ದಕ್ಕೆ ಇಳಿದಿದೆ. ನಾನು ಹೇಳಲಿಲ್ಲ ಅನ್ಬೇಡ."

ಸೆಬಗ್ಗಾಲ ಫೋನು ಜೇಬಿಗಿಳಿಸಿದ. ನಾಲೊಂಗೊ ಮದುಮಗನ ಮುಖ ನೋಡಿದಳು. ಆ ಮುಖವನ್ನು ಅವಳು ಬಲ್ಲಳು. ಚಿಕ್ಕವನಿದ್ದಾಗ ಬಸ್ಸು ತಪ್ಪಿದರೆ ಹೀಗೇ ಅಳು ನುಂಗಿಕೊಂಡು ನಿಲ್ಲುತ್ತಿದ್ದ.

"ಇಳಿಸಿ ಎಲ್ಲಾನೂ," ಎಂದಳು. "ನಮ್ಮ ವ್ಯಾನು ವಾಪಸ್ಸು ಬಂದು ಹೋಗೋಷ್ಟು ಹೊತ್ತಿಲ್ಲ, ಯಾವುದಾದ್ರೂ ವ್ಯಾನು ಹಿಡೀರಿ. ಬುಟ್ಟಿ, ಹುಂಜ, ಸೆಂಗಾ, ಎಲ್ಲಾ ಹತ್ತಿಸಿ. ನಾನು ಕಾರಿನ ಜತೆ ಇಲ್ಲೇ ಇರ್ತೀನಿ."

"ನೀನಿಲ್ದೆ ನಾನು ಹೋಗಲ್ಲ ಅಕ್ಕಾ."

"ಹೋಗ್ತೀಯ. ನಿನ್ನನ್ನ ಹೊಡೆದು ಕಳಿಸ್ತೀನಿ, ಹೋಗ್ತೀಯ."

ಆದರೆ ಶನಿವಾರ. ಬಂದ ವ್ಯಾನುಗಳೆಲ್ಲ ಇಂಥದೇ ದಿಬ್ಬಣಗಳಿಂದ ಕಿಕ್ಕಿರಿದಿದ್ದವು. ಸೆಬಗ್ಗಾಲ ರಸ್ತೆಯ ನಡುವೆ ನಿಂತು ಕೈಯಾಡಿಸುತ್ತಿದ್ದರೆ ಅವರೂ ನಗುತ್ತಾ ಕೈಯಾಡಿಸಿ ಮುಂದೆ ಹೋಗುತ್ತಿದ್ದರು. ಈ ಕಡೆ ಸೆಂಗಾ ಬುರುಡೆಯನ್ನು ಮಗುವಿನಂತೆ ಎತ್ತಿಕೊಂಡು ಇಳಿದಳು. ಅದನ್ನು ರಸ್ತೆಯ ಬದಿಯ ಕಟ್ಟೆಯ ಮೇಲಿಟ್ಟು, ಬಾಯಿಗೆ ತುರುಕಿದ್ದ ಬಾಳೆ ಎಲೆಯ ಬಿರಡೆ ಕಿತ್ತು, ಸೆಬಗ್ಗಾಲನನ್ನು ಕೂಗಿದಳು.

"ಇಲ್ಲಿ ಬಾರಯ್ಯಾ ದೊಡ್ಡ ಮಾತುಗಾರ! ಕಣ್ಣು ಬಿಟ್ಟು ನೋಡು!"

ಟೊಂಟೊ ಬುರುಡೆಯ ಕಂಠದ ತನಕ ಇತ್ತು. ನೊರೆ ಕೂಡ ಇಳಿದಿರಲಿಲ್ಲ.

"ಈಗ ಹೇಳು, ಯಾರದು ಸೋರ್ತಿರೋದು?"

ಸೆಬಗ್ಗಾಲ ಬುರುಡೆಯೊಳಗೆ ನೋಡಿದ, ಕೆಳಗೆ ತಡವಿದ. ಒಣಗಿತ್ತು.

ಸೆಂಗಾ ಅಲ್ಲಿಗೇ ಬಿಡಲಿಲ್ಲ. ಕಾರಿಗೆ ವಾಪಸ್ಸು ಬಂದು, ಕಾರ್ಪೆಟ್ಟಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಚಪ್ಪರಿಸಿದಳು. ಮುಖ ಸಿಂಡರಿಸಿದಳು. "ಥೂ! ಟೊಂಟೊ ಅಲ್ಲವೇ ಅಲ್ಲ. ತುಕ್ಕು ತುಕ್ಕು. ಬಿಸಿ ಬೇರೆ. ನಾಲೊಂಗೊ, ಇಲ್ಲಿ ಕೈ ಇಡು, ನನ್ನ ಮಾತು ನಂಬಬೇಡ, ಕೈ ಇಡು."

ಬೆಳಗಿನಿಂದ ಅವಳ ಮಾತನ್ನು ಯಾರೂ ಕೇಳಿರಲಿಲ್ಲ. ನಾಲೊಂಗೊ ಈಗ ಮೊಣಕಾಲೂರಿ ಕೈ ಇಟ್ಟಳು. ಮಗುವನ್ನು ಮೀಯಿಸುವ ನೀರಿನಷ್ಟು ಬಿಸಿ. ಟೊಂಟೊ ಹೀಗೆ ಬಿಸಿಯಾಗುವುದಿಲ್ಲ. ಮಳೆ ನೀರು, ಕೊಚ್ಚೆ ನೀರು ಯಾವುದೂ ಆಗುವುದಿಲ್ಲ. ಈ ಕಾರಿನಲ್ಲಿ ಬಿಸಿ ನೀರಿರುವುದು ಒಂದೇ ಕಡೆ.

"ಬುಕೆನ್ಯಾ," ಎಂದಳು, "ನನ್ನ ಎಂಜಿನ್ ನೀರು ಕುಡೀತಿಲ್ಲ. ನೀರೆಲ್ಲ ನಮ್ಮತ್ತೆಯ ಕಾಲ ಬುಡಕ್ಕೆ ಬರ್ತಿದೆ."

"ಎಂಜಿನ್ ನೀರು ಗಾಡಿ ಒಳಗೆ ಹೆಂಗೆ ಬರುತ್ತೆ ನ್ಯಾಬೊ? ನಡುವೆ ಕಬ್ಬಿಣದ ಗೋಡೆ ಇದೆ."

ಎಲ್ಲಿಂದ ಬರುತ್ತದೆಂದು ನಾಲೊಂಗೊಗೂ ತಿಳಿಯದು. ಆದರೆ ಒದ್ದೆಯ ವಿಷಯದಲ್ಲಿ ಅವಳಿಗೆ ಪಳಗಿದ ಕೈ ಇತ್ತು. ಒಂದೇ ಚಾಪೆಯಲ್ಲಿ ಮಲಗುವ ಇಬ್ಬರು ಹುಡುಗರಲ್ಲಿ ಒಬ್ಬ ಉಚ್ಚೆ ಹೊಯ್ದರೆ ಬೆಳಗ್ಗೆ ಇಬ್ಬರೂ, ನಾನಲ್ಲಮ್ಮಾ, ಅವನು ಎನ್ನುತ್ತಾರೆ. ಚಾಪೆಯ ಮೇಲೆ ನೀರು ನಿಂತ ಜಾಗ ನೋಡಿದರೆ ಏನೂ ತಿಳಿಯುವುದಿಲ್ಲ, ಅದು ತಗ್ಗಿಗೆ ಹರಿದಿರುತ್ತದೆ. ಮೇಲೆ ಒಣಗಿರುವ ಕಡೆಯಿಂದ ಹುಡುಕುತ್ತಾ ಬಂದು, ಮೊದಲು ಒದ್ದೆಯಾದದ್ದು ಎಲ್ಲಿ ಎಂದು ಹಿಡಿಯಬೇಕು.

ಅವಳು ಕಾಣಿಕೆಯ ಬುಟ್ಟಿಯಿಂದ ಒಂದು ಪೊಟ್ಟಣ ಗೋಧಿ ಹಿಟ್ಟು ಎಳೆದಳು.

"ಅಯ್ಯೋ, ಅದನ್ನ ಮುಟ್ಟಬೇಡಿ!" ಸೆಬಗ್ಗಾಲ ಓಡಿ ಬಂದ. "ಅದು ಹೆಣ್ಣಿನ ತಾಯಿದು! ನಾನು ಹೆಸರು ಹೇಳಿ ಒಪ್ಪಿಸಬೇಕು!"

"ಹೆಣ್ಣಿನ ಮನೆ ಸೇರಿದ್ರೆ ತಾನೆ ನೀನು ಒಪ್ಪಿಸೋದು?" ಎನ್ನುತ್ತಾ ಪೊಟ್ಟಣದ ಬಾಯಿ ಹರಿದೇಬಿಟ್ಟಳು.

ಡ್ಯಾಶ್‌ಬೋರ್ಡಿನ ಅಡಿಯನ್ನು, ನಡುವಿನ ಕರಿಯ ಪ್ಲಾಸ್ಟಿಕ್ ಡಬ್ಬಿಯನ್ನು, ಸುತ್ತಲಿನ ತಗಡನ್ನು ಬಟ್ಟೆಯಿಂದ ಒರೆಸಿ ಒಣಗಿಸಿದಳು. ಆಮೇಲೆ ರೊಟ್ಟಿ ತಟ್ಟುವವಳಂತೆ ಎಲ್ಲಕ್ಕೂ ಹಿಟ್ಟು ಉದುರಿಸಿದಳು. ಕಾರಿನ ಒಳಗೆಲ್ಲ ಬಿಳಿ ದೂಳೆದ್ದಿತು. ಕಿಟ್ಯೊ ಕಾಂಜು ಎತ್ತಿಕೊಂಡು ಹತ್ತು ಹೆಜ್ಜೆ ದೂರ ಹಾರಿದ. ಬುಕೆನ್ಯಾ ಎಂಜಿನ್ ಶುರು ಮಾಡಿ ಮೆಲ್ಲಗೆ ಕಾಲೊತ್ತಿದ. ಗೊಂಜಾ ಮಾರುವ ಹೆಂಗಸರು ವ್ಯಾಪಾರ ಬಿಟ್ಟು ಕಿಟಕಿಗಳಲ್ಲಿ ತಲೆ ತೂರಿಸಿದರು.

"ಏನು ಪೂಜೆ ಇದು?" ಎಂದಳು ಒಬ್ಬಳು.

"ನಮ್ಮತ್ತೆಯ ಮರ್ಯಾದೆ ಉಳಿಸೋ ಪೂಜೆ," ಎಂದಳು ನಾಲೊಂಗೊ, ಕಣ್ಣು ಕೀಳದೆ.

ಮೊದಲು ಏನೂ ಆಗಲಿಲ್ಲ. ಆಮೇಲೆ ಕರಿಯ ಡಬ್ಬಿಯ ಅಡಿಯಂಚಿನಲ್ಲಿ, ಬಿಳಿ ಹಿಟ್ಟಿನ ನಡುವೆ, ಒಂದು ಹೆಸರುಕಾಳಿನಷ್ಟು ಕಂದು ಚುಕ್ಕೆ ಮೂಡಿತು. ಅದು ಉದ್ದವಾಯಿತು. ಇರುವೆ ಸಾಲಿನ ಹಾಗೆ ಕೆಳಗಿಳಿದು ಕಾರ್ಪೆಟ್ಟಿಗೆ ಮುಟ್ಟಿತು.

"ಸಿಕ್ತು!" ಸೆಂಗಾ ಕೈ ಚಪ್ಪಾಳೆ ತಟ್ಟಿದಳು. "ಕಳ್ಳ ಸಿಕ್ದ!"

"ಆ ಡಬ್ಬಿಯೊಳಗೆ ಏನಿದೆ?" ಎಂದು ನಾಲೊಂಗೊ ಕೇಳಿದಳು.

ಬುಕೆನ್ಯಾ ಡಬ್ಬಿಗೆ ಕೈಯಿಟ್ಟು ನೋಡಿದ. ಆಮೇಲೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಹೀಟರ್! ಇದು ಹೀಟರ್ ನ್ಯಾಬೊ! ಜಪಾನಿನವರು ಚಳಿಗೆ ಕಾಲು ಕಾಯಿಸಿಕೊಳ್ಳೋಕೆ ಎಂಜಿನ್ ಬಿಸಿ ನೀರನ್ನ ಈ ಡಬ್ಬಿಗೆ ಹರಿಸಿಕೊಳ್ತಾರೆ. ಇದರೊಳಗೂ ಒಂದು ಪುಟ್ಟ ರೇಡಿಯೇಟರ್ ಇರುತ್ತೆ. ತೂತಾಗಿರೋದು ಅದು. ರೇಡಿಯೇಟರ್ ಅಂತ ನಾನು ಆಗಲೇ ಹೇಳಲಿಲ್ವಾ?"

"ಹೇಳಿದ್ದು ಮುಂದಿನದನ್ನ."

"ಊರು ಸರಿ ಇತ್ತು, ಮನೆ ತಪ್ಪಾಯ್ತು ಅಷ್ಟೇ. ಅಲ್ಲ ನ್ಯಾಬೊ, ನಾನು ಗಾಡಿ ಕೆಲಸ ಶುರು ಮಾಡಿದಾಗಿನಿಂದ ಲುಕಾಯಾದಲ್ಲಿ ಒಬ್ಬನೇ ಒಬ್ಬ ಬಂದು ಹೀಟರ್ ಕೆಟ್ಟಿದೆ ಅಂದಿಲ್ಲ. ಗಾಡಿಗೆ ಇಂಥದೊಂದು ಇದೆ ಅನ್ನೋದೇ ಮರೆತುಹೋಗಿತ್ತು."

"ಈ ಬಿಸಿಲಲ್ಲಿ ಕಾಲು ಕಾಯಿಸೋ ಯಂತ್ರ!" ಸೆಂಗಾ ಸೊಂಟದ ಮೇಲೆ ಕೈಯಿಟ್ಟಳು. "ಕಂಪಾಲಾದಿಂದ ಇಲ್ಲೀತನಕ ನನ್ನ ಕಾಲನ್ನ ಮಟೋಕೆ ಬಾಳೆಕಾಯಿ ಬೇಯಿಸಿದ ಹಾಗೆ ಬೇಯಿಸಿದ್ದೀರಿ. ನಾನು ಹೇಳಿದ್ರೆ ಹರೆಯ ಅಂತೆ, ಬುರುಡೆ ಅಂತೆ!"

"ತಪ್ಪಾಯ್ತು ಸೆಂಗಾ," ಎಂದ ಸೆಬಗ್ಗಾಲ ಮೆಲ್ಲಗೆ.

"ಜೋರಾಗಿ ಹೇಳು. ಮಾತುಗಾರ ತಾನೆ ನೀನು?"

"ತಪ್ಪಾಯ್ತು ಸೆಂಗಾ!" ಎಂದು ಅವನು ಇಡೀ ಪೇಟೆಗೆ ಕೇಳುವಂತೆ ಕೂಗಿದ. ಗೊಂಜಾ ಹೆಂಗಸರು ಶಿಳ್ಳೆ ಹೊಡೆದರು.

ಕಳ್ಳನನ್ನು ಹಿಡಿದದ್ದಾಯಿತು, ಕಟ್ಟಿ ಹಾಕಬೇಕಿತ್ತು. ಡಬ್ಬಿ ಬಿಚ್ಚಬೇಕಾದರೆ ಡ್ಯಾಶ್‌ಬೋರ್ಡನ್ನೇ ಕಿತ್ತುಹಾಕಬೇಕು, ಅದು ಇಡೀ ದಿನದ ಕೆಲಸ. "ಹೀಟರಿಗೆ ನೀರು ಹೋಗೋದೇ ಬೇಡ ಅಂದ್ರೆ?" ಎಂದು ನಾಲೊಂಗೊ ಕೇಳಿದ್ದೇ ತಡ, ಬುಕೆನ್ಯಾ ಬಾನೆಟ್ಟಿನೊಳಗೆ ಅರ್ಧ ದೇಹ ಇಳಿಸಿದ್ದ. ಎಂಜಿನ್ನಿನ ಹಿಂದೆ, ಕಬ್ಬಿಣದ ಗೋಡೆಯ ಹತ್ತಿರ, ಹೆಬ್ಬೆರಳು ಗಾತ್ರದ ಎರಡು ರಬ್ಬರ್ ಪೈಪುಗಳು ಒಳಕ್ಕೆ ಹೋಗಿದ್ದವು. ಒಂದು ಬಿಸಿ ನೀರು ಒಯ್ಯುವುದು, ಇನ್ನೊಂದು ವಾಪಸ್ಸು ತರುವುದು. ಎರಡನ್ನೂ ಕಿತ್ತು, ಒಂದೇ ಪೈಪನ್ನು ಬಾಗಿಸಿ, ಎಂಜಿನ್ನಿನಿಂದ ಹೊರಟ ನೀರು ನೇರ ಎಂಜಿನ್ನಿಗೇ ಮರಳುವ ಹಾಗೆ ಸಿಕ್ಕಿಸಿದರೆ ಆಯಿತು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಎಂಜಿನ್ ಪೂರ್ತಿ ಆರುವವರೆಗೆ ಕಾಯಲು ಹೊತ್ತಿರಲಿಲ್ಲ. ಬುಕೆನ್ಯಾ ಕೈಗೆ ಬಟ್ಟೆ ಸುತ್ತಿಕೊಂಡು, ಸುಟ್ಟಾಗಲೆಲ್ಲ ಒಂದೊಂದು ಬೈಗುಳ ಬೈಯುತ್ತಾ, ಸೆಂಗಾ ಇರುವುದು ನೆನಪಾಗಿ ಪ್ರತಿ ಬೈಗುಳಕ್ಕೂ ಕ್ಷಮೆ ಕೇಳುತ್ತಾ ಕ್ಲಿಪ್ಪುಗಳನ್ನು ಸಡಿಲಿಸಿದ. ಪೈಪು ಗೋಂದು ಹಾಕಿದ ಹಾಗೆ ಕಚ್ಚಿಕೊಂಡಿತ್ತು. ಇಕ್ಕಳ ಹಿಡಿದು ತಿರುಚಿದ. ಬರಲಿಲ್ಲ. ನಾಲೊಂಗೊ ಗೊಮೆಸಿಯ ತೋಳು ಮಡಿಸಿ ಅವನ ಪಕ್ಕದಲ್ಲಿ ಬಗ್ಗಿದಳು. ಇಬ್ಬರೂ ಒಟ್ಟಿಗೆ ಎಳೆದಾಗ ಪೈಪು ಫಟ್ಟೆಂದು ಕಿತ್ತು ಬಂದು, ಕಂದು ನೀರು ಬುಕೆನ್ಯಾನ ಎದೆಗೆ ಅಭಿಷೇಕ ಮಾಡಿತು.

"ನಂಗೂ ಈಗ ಹರೆಯ ಬಂತು," ಎಂದ ಅವನು.

ಪೈಪು ಬಾಗಿಸಿ ಸಿಕ್ಕಿಸಿದರು. ಒಂದು ತುದಿಗೆ ಹಳೆಯ ಕ್ಲಿಪ್ಪೇ ಕೂತಿತು. ಇನ್ನೊಂದು ತುದಿಯದು ತುಕ್ಕು ಹಿಡಿದು ಮುರಿಯಿತು. ಬುಕೆನ್ಯಾ ತನ್ನ ಡಬ್ಬದಲ್ಲಿ ತಡಕಿ ಹೊಸದೊಂದನ್ನು ತಂದು, ಸ್ಕ್ರೂ ಡ್ರೈವರಿನಲ್ಲಿ ಕಿರುಗುಟ್ಟುವವರೆಗೆ ಬಿಗಿದ. ನೀರು ತುಂಬಿದರು. ಪೈಪನ್ನು ಹಸುವಿನ ಕೆಚ್ಚಲಿನ ಹಾಗೆ ಹಿಸುಕಿ ಹಿಸುಕಿ ಒಳಗಿನ ಗಾಳಿ ಹೊರಡಿಸಿದರು. ಎಂಜಿನ್ ಶುರುವಾಯಿತು. ಎಲ್ಲರೂ ಬಗ್ಗಿ ಹಿಟ್ಟು ಬಳಿದ ಡಬ್ಬಿಯನ್ನು ನೋಡಿದರು. ನಾಲೊಂಗೊ ಹಳೆಯ ಕಲೆ ಒರೆಸಿ ಹೊಸ ಹಿಟ್ಟು ಉದುರಿಸಿದಳು. ಅದು ಬೆಳ್ಳಗೇ ಉಳಿಯಿತು. ಬಾನೆಟ್ಟಿನ ಕೆಳಗೆ ಎರಡು ಕ್ಲಿಪ್ಪುಗಳೂ ಒಣಗಿದ್ದವು.

"ಹತ್ತಿ, ಹತ್ತಿ!" ಎಂದು ಅವಳು ಕೂಗಿದಳು. ಬುಕೆನ್ಯಾನ ಕೂಲಿಯನ್ನು ಕಿಟ್ಯೊ ಕೊಟ್ಟ. ಬುಕೆನ್ಯಾ ಅದನ್ನು ಜೇಬಿಗಿಳಿಸಿ, ಹೆಣ್ಣು ಕೊಡದಿದ್ರೆ ಇಲ್ಲಿಗೇ ಬನ್ನಿ, ನನಗೆ ತಂಗಿಯಿದ್ದಾಳೆ ಎಂದು ಕೈಬೀಸಿದ.

ಮಸಾಕಾ ದಾಟಿ ಕೆಂಪು ಮಣ್ಣಿನ ದಾರಿಗೆ ತಿರುಗುವ ಹೊತ್ತಿಗೆ ಬಿಸಿಲು ನೆತ್ತಿಯ ಮೇಲೇ ಸುರಿಯುತ್ತಿತ್ತು. ಎರಡೂ ಕಡೆ ಬಾಳೆ ತೋಟ. ಮುಂದೆ ಗುಡ್ಡದ ಬುಡದಲ್ಲಿ, ಹಲಸಿನ ಮರದ ಕೆಳಗೆ ಬಾಡಿಗೆ ವ್ಯಾನು ನಿಂತಿತ್ತು. ನೆಂಟರೆಲ್ಲ ಇಳಿದು ಇವರಿಗಾಗಿ ಕಾಯುತ್ತಿದ್ದರು. ಎಲ್ಲರೂ ಇಲ್ಲಿಯೇ ಇಳಿಯಬೇಕು, ಹೆಂಗಸರು ಮುಂದೆ, ಗಂಡಸರು ಹಿಂದೆ, ತಲೆಯ ಮೇಲೆ ಬುಟ್ಟಿ ಹೊತ್ತು ಸಾಲಾಗಿ ನಡೆದು ಗೇಟಿಗೆ ಹೋಗಬೇಕು. ಅದು ಪದ್ಧತಿ.

ಆದರೆ ಮೇಲೆ ನೋಡಿದರೆ ಗೇಟಿನ ಒಂದು ರೆಕ್ಕೆ ಆಗಲೇ ಮುಚ್ಚಿತ್ತು. ಇನ್ನೊಂದನ್ನು ಇಬ್ಬರು ಗಂಡಸರು ನೂಕುತ್ತಿದ್ದರು.

"ನಿಲ್ಲಿಸು ಅಕ್ಕಾ, ಇಳಿದು ಓಡ್ತೀನಿ!" ಎಂದ ಕಿಟ್ಯೊ.

ಅವನು ಇಳಿದು, ಬುಟ್ಟಿ ಇಳಿಸಿ, ಸಾಲು ಕಟ್ಟುವಷ್ಟರಲ್ಲಿ ಬೀಗವೂ ಬಿದ್ದಿರುತ್ತಿತ್ತು. ನಾಲೊಂಗೊ ನಿಲ್ಲಿಸಲಿಲ್ಲ. ಹಾರ್ನ್ ಮೇಲೆ ಕೈ ಒತ್ತಿ, ಗಂಡನೂ ನೆಂಟರೂ ಬಾಯಿ ಬಿಟ್ಟು ನೋಡುತ್ತಿರುವಂತೆಯೇ ಅವರನ್ನು ದಾಟಿ, ದೂಳೆಬ್ಬಿಸುತ್ತಾ ಗುಡ್ಡ ಹತ್ತಿದಳು. ಗೇಟು ನೂಕುತ್ತಿದ್ದವರು ಪಕ್ಕಕ್ಕೆ ಹಾರಿದರು. ಉಳಿದಿದ್ದ ಸಂದಿಯಲ್ಲಿ ಕಾರಿನ ಮೂತಿ ತೂರಿತು, ಮುಂದಿನ ಬಾಗಿಲುಗಳೂ ತೂರಿದವು. ಅಲ್ಲಿಗೆ ಬ್ರೇಕು ಒತ್ತಿದಳು.

ಅಂಗಳದ ಚಪ್ಪರದಲ್ಲಿ ಕೂತಿದ್ದ ಹೆಣ್ಣಿನ ಕಡೆಯವರೆಲ್ಲ ಎದ್ದು ನಿಂತರು. ಕಲುಲೆ ಕಾಂಜು ಹಾರಿಸುತ್ತಾ ಓಡಿ ಬಂದ.

"ಇದೇನು ಹೆಣ್ಣು ಕೇಳೋಕೆ ಬಂದಿದ್ದೋ, ಎತ್ತಿಕೊಂಡು ಹೋಗೋಕೆ ಬಂದಿದ್ದೋ?"

"ಬಂದಿದ್ದೀವಿ ಸೆಬೊ, ಅಷ್ಟು ಬರ್ಕೋ," ಎಂದ ಸೆಬಗ್ಗಾಲ ಹಿಂದಿನ ಕಿಟಕಿಯಿಂದ ತಲೆ ಹೊರಹಾಕಿ. "ಹೊತ್ತಿಗೆ ಮುಂಚೆ!"

"ಬಂದಿಲ್ಲ! ನಿನ್ನ ತಲೆ ಗೇಟಿನ ಹೊರಗಿದೆ!"

"ನನ್ನ ತಲೆಯ ಲೆಕ್ಕ ಬಿಡು, ಕಾರಿನ ತಲೆ ನೋಡು!"

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಜಾಜಾ ಬಂದಳು. ಕುಳ್ಳಗೆ, ಒಣಕಲಾಗಿ, ಅಂಗಳದಲ್ಲಿ ನೆಟ್ಟಿದ್ದ ಕೋಲನ್ನೇ ಕಿತ್ತುಕೊಂಡು ಊರುತ್ತಾ. ಕಾರಿನ ಸುತ್ತ ನೋಡಿದಳು. ಮುಂದಿನ ಚಕ್ರ ನೋಡಿದಳು, ಹಿಂದಿನ ಚಕ್ರ ನೋಡಿದಳು. ಕೋಲಿನಿಂದ ಮುಂದಿನ ಬಾಗಿಲು ತಟ್ಟಿದಳು.

"ಇಲ್ಲಿ ಕೂತಿರೋದು ಯಾರು?"

"ಹುಡುಗನ ಸೆಂಗಾ, ಜಾಜಾ," ಎಂದಳು ನಾಲೊಂಗೊ.

"ಮದುಮಗ ಎಲ್ಲಿ?"

"ಹಿಂದಿನ ಸೀಟಲ್ಲಿ."

"ಹಂಗಾದ್ರೆ ಸೆಂಗಾ ಹೊತ್ತಿಗೆ ಸರಿಯಾಗಿ ಬಂದಿದ್ದಾಳೆ," ಎಂದಳು ಜಾಜಾ, ತೀರ್ಪು ಕೊಡುವವಳಂತೆ. "ಮದುಮಗ ಬಂದಿಲ್ಲ. ಹುಡುಗೀನ ಸೆಂಗಾಳಿಗೇ ಕೊಟ್ಟು ಕಳಿಸೋಣ."

ಚಪ್ಪರವೆಲ್ಲ ಗೊಳ್ಳೆಂದಿತು. ಕಿಟ್ಯೊ ಕಂಗಾಲಾಗಿ ಹಿಂದಿನ ಸೀಟಿನಿಂದ ಮುಂದಿನದಕ್ಕೆ ಹಾರಲು ನೋಡಿದ. ಸೆಬಗ್ಗಾಲ ಅವನ ಕಾಂಜು ಹಿಡಿದೆಳೆದ. ಎಲ್ಲೋ ಒಳಗಿನ ಕಿಟಕಿಯಿಂದ ಒಂದು ಹುಡುಗಿಯ ನಗು ಕೇಳಿಸಿತು. ಕಿಟ್ಯೊ ಅಲ್ಲಿಯೇ ಕಲ್ಲಾದ.

ನಾಲೊಂಗೊ ಸ್ಟೀರಿಂಗ್ ಬಿಡಲಿಲ್ಲ. "ಜಾಜಾ, ನಾನೊಂದು ಮಾತು ಕೇಳ್ಲಾ? ಈಗ ಗೇಟು ಹಾಕೋಕಾಗುತ್ತಾ?"

ಜಾಜಾ ಗೇಟಿನ ಗಂಡಸರ ಕಡೆ ನೋಡಿದಳು. "ಆಗುತ್ತೇನ್ರೋ?"

"ಕಾರು ಅಡ್ಡ ಇದೆ ಜಾಜಾ."

"ಹಾಕೋಕಾಗ್ದಿದ್ರೆ ತೆರೆದೇ ಇದೆ ಅಂತ ಅರ್ಥ," ಎಂದಳು ಜಾಜಾ. ಮುಖದಲ್ಲಿ ನಗುವಿನ ಗೆರೆಯೂ ಇರಲಿಲ್ಲ, ಆದರೆ ಕೋಲಿನಿಂದ ಕಾರಿನ ಮೂತಿಯನ್ನು ಮೆಲ್ಲಗೆ ತಟ್ಟಿದಳು. "ಯಾರಮ್ಮಾ ನೀನು?"

"ಹುಡುಗನ ಅಕ್ಕ."

"ಅವನಿಗೆ ಹೆಣ್ಣು ಕೊಟ್ರೆ ನೀನೂ ನಮ್ಮ ಮನೆಗೆ ಬರ್ತೀಯ ಅನ್ನು. ಯೋಚನೆ ಮಾಡಬೇಕಾದ ವಿಷಯ. ಆಯ್ತು, ಗಾಡಿ ಹಿಂದಕ್ಕೆ ತೆಗೆದು ಕೆಳಗೆ ನಿಲ್ಲಿಸು. ಎಲ್ಲಾ ಸಾಲಾಗಿ ಮನುಷ್ಯರ ಹಾಗೆ ನಡ್ಕೊಂಡು ಬನ್ನಿ."

ನಾಲೊಂಗೊ ಗೇರಿನ ಮೇಲೆ ಕೈಯಿಟ್ಟಳು. ಮತ್ತೆ ತೆಗೆದಳು. "ನಾನು ಹಿಂದಕ್ಕೆ ಹೋದ ತಕ್ಷಣ ನೀವು ಹಾಕಿಬಿಟ್ರೆ?"

"ನೋಡಿದ್ರಾ, ನಂಬಿಕೆ ಇಲ್ಲ!" ಎಂದು ಕಲುಲೆ ಕೂಗಿದ.

"ನಂಬಿಕೆ ಇದೆ ಸೆಬೊ. ಜಾಜಾ ಮಾತಿಗೆ ತಪ್ಪೋದಿಲ್ಲ ಅಂತ ನಂಬಿಕೆ ಇರೋದಕ್ಕೇ ಹೆದರಿಕೆ."

ಆಗ ಸೆಂಗಾ ಬಾಗಿಲು ತೆರೆದು, ಗೊಮೆಸಿ ಕೊಡವಿಕೊಂಡು, ಬುರುಡೆ ಎತ್ತಿಕೊಂಡು ಗೇಟಿನ ಒಳಮಗ್ಗುಲಿಗೆ ಇಳಿದಳು. ಜಾಜಾಳ ಮುಂದೆ ಮೊಣಕಾಲೂರಿ, ಹಗಲು ಹೇಗಿತ್ತು, ಮನೆಯವರು ಹೇಗಿದ್ದಾರೆ, ತೋಟ ಹೇಗಿದೆ ಎಂದು ಉದ್ದಕ್ಕೂ ಕೇಳಿದಳು. ಜಾಜಾಳೂ ಒಂದನ್ನೂ ಬಿಡದೆ ಅಷ್ಟೇ ಉದ್ದಕ್ಕೆ ಉತ್ತರಿಸಿದಳು. ಇಬ್ಬರು ಮುದುಕಿಯರು ಮಾತು ಮುಗಿಸುವ ತನಕ ಗೇಟು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಆಮೇಲೆ ಸೆಂಗಾ ಗೇಟಿನ ರೆಕ್ಕೆಗೇ ಒರಗಿ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟಳು.

"ಹಿಂದಕ್ಕೆ ತೆಗಿ ನಾಲೊಂಗೊ," ಎಂದಳು. "ನೀವೆಲ್ಲ ಬರೋತನಕ ಒತ್ತೆಗೆ ನಾನಿರ್ತೀನಿ. ಗೇಟು ಹಾಕೋದಾದ್ರೆ ನನ್ನನ್ನ ಎತ್ತಿ ಆಚೆ ಇಟ್ಟು ಹಾಕಲಿ." ಗೇಟಿನ ಇಬ್ಬರು ಗಂಡಸರು ಅವಳನ್ನು ಮೇಲಿನಿಂದ ಕೆಳಗೆ ಅಳೆದು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸುಮ್ಮನೆ ಕೈಕಟ್ಟಿ ನಿಂತರು. ಸೆಂಗಾ ಜಾಜಾಳ ಕಡೆ ತಿರುಗಿದಳು. "ಅಲ್ಲಮ್ಮಾ, ಒತ್ತೆಗೆ ಇಟ್ಕೊಂಡೋರಿಗೆ ಊಟಕ್ಕೆ ಏನು ಕೊಡ್ತೀರಿ ನಿಮ್ಮ ಕಡೆ?"